ಏರಿಯಾ ಸೇಫ್ ಸರಿ, ಕೊನೆಯ ಐನೂರು ಮೀಟರ್ ಕಥೆಯೇನು?

ಬೆಂಗಳೂರಿನಲ್ಲಿ ಫ್ಲ್ಯಾಟ್ ನೋಡಲು ಹೋದವರು ಬ್ರೋಕರ್ ಹತ್ತಿರ "ಏರಿಯಾ ಸೇಫಾ?" ಎಂದು ಕೇಳದೆ ಬರುವುದಿಲ್ಲ. ಉತ್ತರವೂ ಸಿದ್ಧವಿರುತ್ತದೆ: "ಫುಲ್ ಸೇಫ್ ಸಾರ್, ಎಲ್ಲಾ ಡೀಸೆಂಟ್ ಫ್ಯಾಮಿಲಿಗಳೇ." ಈ ಮಾತಿನಲ್ಲಿ ಮಾಹಿತಿ ಸೊನ್ನೆ. "ಡೀಸೆಂಟ್ ಫ್ಯಾಮಿಲಿ" ಅಂದರೆ ಬಹಳ ಸಲ ಅಕ್ಕಪಕ್ಕದವರ ಜಾತಿ, ಧರ್ಮ, ಊರು ಯಾವುದು ಎಂಬುದನ್ನು ಬಾಯಿಬಿಟ್ಟು ಹೇಳದೆ ಹೇಳುವ ದಾರಿ. ಬೀಗ ಒಡೆಯುವವನಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ.

ಬಡಾವಣೆಯ ಹೆಸರು ನೋಡಿ ನಂಬುವುದೂ ಇದೇ ಜಾತಿಯ ತಪ್ಪು. ಜಯನಗರ ಅಂದರೆ ಒಳ್ಳೆಯದು, ಹೊರವಲಯ ಅಂದರೆ ಭಯ ಎಂಬ ಲೆಕ್ಕ ರಸ್ತೆಯ ಮಟ್ಟಕ್ಕೆ ಇಳಿದರೆ ನಿಲ್ಲುವುದಿಲ್ಲ. ಒಂದೇ ಬಡಾವಣೆಯಲ್ಲಿ ಒಂದು ಮೇನ್ ರೋಡ್ ರಾತ್ರಿ ಹನ್ನೊಂದಕ್ಕೂ ತಳ್ಳುಗಾಡಿ, ಮೆಡಿಕಲ್ ಶಾಪ್ ಇಟ್ಟುಕೊಂಡು ಎಚ್ಚರವಾಗಿರುತ್ತದೆ. ಎರಡು ಕ್ರಾಸ್ ಆಚೆ ಖಾಲಿ ಸೈಟು, ಕಸದ ರಾಶಿ, ಕೆಟ್ಟ ದೀಪ. ಕೊಳ್ಳುವವರು ತೂಗಬೇಕಾದದ್ದು ಬಸ್ ಸ್ಟಾಪ್ ಅಥವಾ ಮೆಟ್ರೋದಿಂದ ಗೇಟಿನವರೆಗಿನ ಸುಮಾರು ಐನೂರು ಮೀಟರನ್ನು, ಗೇಟಿನಿಂದ ಮನೆ ಬಾಗಿಲವರೆಗಿನ ದಾರಿಯನ್ನು, ಜೊತೆಗೆ ಆ ಕಟ್ಟಡಕ್ಕೆ ಅಂಟಿಕೊಂಡಿರುವ ನೀರು, ಕರೆಂಟು, ಬೆಂಕಿಯ ಅಪಾಯವನ್ನು. ಕಳ್ಳನ ಚಿಂತೆಯಲ್ಲಿ ಈ ಕೊನೆಯ ಮೂರನ್ನು ಎಲ್ಲರೂ ಮರೆಯುತ್ತಾರೆ.

ಅಂಕಿ ಎಲ್ಲಿ ಸಿಗುತ್ತದೆ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ವರದಿ ಬಂದಾಗಲೆಲ್ಲ "ಬೆಂಗಳೂರು ಎಷ್ಟನೇ ಸ್ಥಾನ" ಎಂಬ ಸುದ್ದಿ ಓಡುತ್ತದೆ. ಆ ವರದಿ 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ 19 ಮಹಾನಗರಗಳನ್ನು ಇಡಿಯಾಗಿ ನೋಡುತ್ತದೆ. ಠಾಣಾವಾರು ಅಂಕಿ ಅದರಲ್ಲಿಲ್ಲ. ಬೆಂಗಳೂರಿನ ಸಂಖ್ಯೆಯನ್ನು ಉಬ್ಬಿಸುವುದು ಮುಖ್ಯವಾಗಿ ಸೈಬರ್ ವಂಚನೆ ಪ್ರಕರಣಗಳು. ಒಟಿಪಿ ಕೊಟ್ಟು ಹಣ ಕಳೆದುಕೊಂಡವರು ತಮ್ಮ ಠಾಣೆಯಲ್ಲಿ ದೂರು ಕೊಟ್ಟರೆ ಅದು ಅಲ್ಲಿನ ಲೆಕ್ಕಕ್ಕೆ ಸೇರುತ್ತದೆ, ಆದರೆ ಆ ಬೀದಿಯಲ್ಲಿ ನಡೆದು ಹೋಗುವವರಿಗೆ ಅದರಿಂದ ಯಾವ ಅಪಾಯವೂ ಇಲ್ಲ. ಇನ್ನೊಂದು ತೊಡಕಿದೆ: ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದದ್ದನ್ನಷ್ಟೇ ಎಣಿಸುವುದು ಬ್ಯೂರೋದ ಪದ್ಧತಿ.

ಬೇಕಾದ ಅಂಕಿ ಇರುವುದು ಠಾಣೆಯಲ್ಲಿ. ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ, ತೊಂದರೆ ಇದ್ದರೆ ಗರಿಷ್ಠ 72 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಹಾಗಾಗಿ ಹೆಣ್ಣುಮಕ್ಕಳ ಸುರಕ್ಷತೆಯ ಚಿತ್ರ ವೆಬ್‌ಸೈಟಿನಿಂದ ಪೂರ್ತಿ ಸಿಗುವುದಿಲ್ಲ. ಒಂದೊಂದೇ ಎಫ್‌ಐಆರ್ ತೆರೆದು ಕೂರುವುದಕ್ಕಿಂತ ಮಾಹಿತಿ ಹಕ್ಕಿನ ಅರ್ಜಿ ಸಲೀಸು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಹೋಮ್ ಲೋನ್ ಮಂಜೂರಾತಿ, ಲೀಗಲ್ ಒಪಿನಿಯನ್ ಎಂದು ಹೇಗೂ ಅಷ್ಟು ದಿನ ಹೋಗುತ್ತದೆ.

ಅರ್ಜಿ ಬರೆಯುವುದರಲ್ಲಿ ಸ್ವಲ್ಪ ಜಾಣ್ಮೆ ಬೇಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. "ಅಪರಾಧಗಳ ವಿವರ ಕೊಡಿ" ಎಂದರೆ ಕೈಗೆ ಬರುವುದು ಒಂದು ಮೊತ್ತ ಮಾತ್ರ. ಪೊಲೀಸರ ಲೆಕ್ಕದ ಭಾಷೆಯಲ್ಲೇ ಕೇಳಿ: ಹಗಲು ಕನ್ನ ಕಳವು, ರಾತ್ರಿ ಕನ್ನ ಕಳವು, ವಾಹನ ಕಳವು, ಸರ ಅಪಹರಣ, ಸುಲಿಗೆ, ಮೂರು ವರ್ಷ, ವರ್ಷವಾರು, ಈ ಠಾಣೆ. ಸೆಕ್ಷನ್ ನಂಬರ್ ಹಾಕಿ ಕೇಳಿದರೆ ಗೊಂದಲ ಖಚಿತ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಗಲು ಕನ್ನಕ್ಕೆ ಹಾಕುತ್ತಿದ್ದ 454 ಈಗ 331(3), ರಾತ್ರಿಯ 457 ಈಗ 331(4).

ಹಗಲು–ರಾತ್ರಿ ಎಂದು ಬಿಡಿಸಿ ಕೇಳುವುದಕ್ಕೆ ಕಾರಣವಿದೆ. ಹಗಲು ಕನ್ನ ಹೆಚ್ಚಿದ್ದರೆ ಅದು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ಮನೆಗೆ ಬೀಗ ಬೀಳುವ ಪ್ರದೇಶ. ಅಲ್ಲಿ ಒಳ್ಳೆಯ ಗೇಟು, ಎದುರು ಮನೆಯ ಅಜ್ಜಿ ಇವೆರಡೇ ಅರ್ಧ ರಕ್ಷಣೆ. ರಾತ್ರಿ ಕನ್ನ ಹೆಚ್ಚಿದ್ದರೆ ಕತ್ತಲ ಗಲ್ಲಿ, ಸುಲಭಕ್ಕೆ ಹತ್ತಬಹುದಾದ ಟೆರೇಸು, ನೆಲಮಹಡಿಯ ಕಿಟಕಿ ಇವುಗಳ ಕಡೆ ನೋಡಬೇಕು. ಅಂಕಿಯನ್ನು ಪಕ್ಕದ ಠಾಣೆಯದರ ಜೊತೆ ಇಟ್ಟು, ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಬಿಡಿ ಸಂಖ್ಯೆ ಏನನ್ನೂ ಹೇಳದು. ದೂರು ದಾಖಲಿಸಲು ಹಿಂದೇಟು ಹಾಕದ ಠಾಣೆಯ ಅಂಕಿ ದೊಡ್ಡದಾಗಿ ಕಾಣುತ್ತದೆ ಎಂಬುದನ್ನೂ ಮರೆಯಬಾರದು.

ಬೆಂಗಳೂರು ಪೊಲೀಸರು ತಿಂಗಳ ನಾಲ್ಕನೇ ಶನಿವಾರ ನಿವಾಸಿಗಳ ದೂರು ಕೇಳಲು ನಡೆಸುವ ಜನಸಂಪರ್ಕ ದಿವಸಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಒಂದು ಗಂಟೆ ಕೂತರೆ ಅಂಕಿಗೆ ಮೀರಿದ್ದು ಸಿಗುತ್ತದೆ. ಯಾವ ಪಾರ್ಕಿನ ಹಿಂದೆ ಗಾಂಜಾ, ಯಾವ ರಸ್ತೆಯಲ್ಲಿ ವೀಲಿಂಗ್, ಯಾವ ಬಾರ್ ಮುಂದೆ ದಿನಾ ಜಗಳ ಎಂದು ಅಲ್ಲಿಯವರೇ ಹೆಸರು ಹಿಡಿದು ಹೇಳುತ್ತಾರೆ.

ಆ ಐನೂರು ಮೀಟರ್

ಬಿಲ್ಡರ್‌ಗಳು ಸೈಟ್ ವಿಸಿಟ್ ಇಡುವುದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಕಾರಿನಲ್ಲಿ. ಆ ಹೊತ್ತಿಗೆ ಬೆಂಗಳೂರಿನ ಯಾವ ರಸ್ತೆಯೂ ಚೆಂದವೇ. ಕೆಲಸದ ದಿನ ರಾತ್ರಿ ಹತ್ತೂವರೆಗೆ, ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಎರಡಕ್ಕೆ, ಮಳೆ ಬಂದು ನಿಂತ ಅರ್ಧ ಗಂಟೆಗೆ, ಹೀಗೆ ಮೂರು ಸಲ ನಡೆದೇ ಹೋಗಬೇಕು. ಮನೆಯಲ್ಲಿ ತಡವಾಗಿ ಕೆಲಸ ಮುಗಿಸಿ ಬರುವವರು ಯಾರೋ ಅವರು ನಡೆಯಬೇಕು. ಅವರ ಪರವಾಗಿ ಇನ್ನೊಬ್ಬರು ನಡೆದು "ಪರವಾಗಿಲ್ಲ" ಎಂದರೆ ಆಗುವುದಿಲ್ಲ.

ರಾತ್ರಿ ನಡೆಯುವಾಗ ದೀಪ ಎಣಿಸಿ. ಕಂಬದಿಂದ ಕಂಬಕ್ಕೆ ಸುಮಾರು 30 ಮೀಟರ್ ಇದ್ದರೆ ಐನೂರು ಮೀಟರಿಗೆ ಹದಿನಾರು ಹದಿನೇಳು ದೀಪ. ಅದರಲ್ಲಿ ಒಂದೆರಡು ಉರಿಯದಿದ್ದರೆ ಅದು ಬಲ್ಬಿನ ಸಮಸ್ಯೆ, ದೂರು ಕೊಟ್ಟರೆ ಸರಿಹೋಗುತ್ತದೆ. ಸಾಲಾಗಿ ಐದಾರು ಸತ್ತಿದ್ದರೆ ಕೇಬಲ್ ಅಥವಾ ಸ್ವಿಚ್ ಬಾಕ್ಸ್ ಕೆಟ್ಟಿದೆ, ಅದು ತಿಂಗಳುಗಟ್ಟಲೆ ಎಳೆಯುವ ಕೆಲಸ. ಕಂಬವೇ ಇಲ್ಲದ ರಸ್ತೆಗೆ ಬೇರೆಯೇ ಅರ್ಥ: ಬಡಾವಣೆ ಪಾಲಿಕೆಗೆ ಹಸ್ತಾಂತರವಾಗಿಲ್ಲದಿರಬಹುದು, ರಸ್ತೆ ಖಾಸಗಿಯವರದ್ದೇ ಆಗಿರಬಹುದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದಮೇಲೆ, ಗಡಿಭಾಗದಲ್ಲಿ ನಿಮ್ಮ ರಸ್ತೆ ಯಾವ ಪಾಲಿಕೆಗೆ, ಗೇಟು ಯಾವ ಪಾಲಿಕೆಗೆ ಎಂದು ಮೊದಲೇ ತಿಳಿದಿರುವುದು ಒಳ್ಳೆಯದು. ನಗರದ ಅಂಚಿನಲ್ಲಾದರೆ ಠಾಣೆ ನಗರ ಕಮಿಷನರೇಟ್‌ಗೆ ಸೇರುತ್ತದೋ ಜಿಲ್ಲಾ ಪೊಲೀಸರಿಗೋ ಎಂಬುದನ್ನೂ ನೋಡಿಕೊಳ್ಳಿ. ಜಿಲ್ಲೆಯ ಠಾಣೆಗಳ ವ್ಯಾಪ್ತಿ ದೊಡ್ಡದು, ಗಸ್ತಿನ ಗಾಡಿ ತಲುಪಲು ಹೊತ್ತು ಹಿಡಿಯುತ್ತದೆ.

ದೀಪಕ್ಕಿಂತ ಮುಖ್ಯವಾದದ್ದು ಕಣ್ಣು. ರಸ್ತೆಗೆ ಮುಖ ಮಾಡಿದ ಬಾಗಿಲು, ಬಾಲ್ಕನಿ, ಇಸ್ತ್ರಿ ಅಂಗಡಿ, ಆಟೋ ಸ್ಟ್ಯಾಂಡ್, ಎಳನೀರಿನ ಗಾಡಿ, ಇವೆಲ್ಲ ಸಂಬಳವಿಲ್ಲದ ಕಾವಲುಗಾರರು. ಇಲ್ಲೊಂದು ವಿಪರ್ಯಾಸವಿದೆ. ಸರ್ಜಾಪುರ ರಸ್ತೆ, ವರ್ತೂರು, ತಣಿಸಂದ್ರದ ಕಡೆ ದೊಡ್ಡ ಗೇಟೆಡ್ ಕಮ್ಯುನಿಟಿಗಳು ಎತ್ತಿದ ಹತ್ತಡಿ ಕಾಂಪೌಂಡ್ ಗೋಡೆ ಒಳಗಿನವರನ್ನು ಕಾಯುತ್ತದೆ, ಹೊರಗಿನ ರಸ್ತೆಯನ್ನು ಮಾತ್ರ ಅನಾಥ ಮಾಡುತ್ತದೆ. ಎರಡೂ ಬದಿ ಅಂಥ ಗೋಡೆ ಇರುವ ಮುನ್ನೂರು ಮೀಟರ್ ರಸ್ತೆಯಲ್ಲಿ ಒಂದು ಬಾಗಿಲೂ ತೆರೆಯುವುದಿಲ್ಲ. ಅಲ್ಲಿ ಬೈಕು ಬಂದು ಕೊರಳಿಗೆ ಕೈ ಹಾಕಿದರೆ ಓಡಿಹೋಗಿ ತಟ್ಟುವುದಕ್ಕೆ ಬಾಗಿಲಿಲ್ಲ. ಕೋಟಿ ಕೊಟ್ಟು ಕೊಂಡ ಫ್ಲ್ಯಾಟಿನ ಮನೆಗೆಲಸದವರು, ಟ್ಯೂಷನ್ ಮುಗಿಸಿ ಬರುವ ಮಕ್ಕಳು ದಿನಾ ನಡೆಯುವುದು ಆ ರಸ್ತೆಯಲ್ಲೇ. ಮ್ಯಾಪ್ ತೆರೆದು ಗೇಟಿನಿಂದ ಹತ್ತಿರದ ತೆರೆದ ಅಂಗಡಿಗೆ ಎಷ್ಟು ಮೀಟರ್ ಎಂದು ಅಳೆಯಿರಿ. ಇನ್ನೂರು ದಾಟಿದರೆ ರಾತ್ರಿ ನಡೆಯುವ ಆಸೆ ಬಿಟ್ಟು ಕ್ಯಾಬ್ ಖರ್ಚನ್ನು ತಿಂಗಳ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ವಾಸಿ.

ಬೀದಿನಾಯಿಗಳ ಗುಂಪು ಎಲ್ಲಿ ಬೀಡು ಬಿಟ್ಟಿದೆ ಎಂದು ಅದೇ ನಡಿಗೆಯಲ್ಲಿ ಗೊತ್ತಾಗುತ್ತದೆ. ಕಸ ಎಸೆಯುವ ಜಾಗ ಎಲ್ಲಿದೆಯೋ ಅಲ್ಲಿ ಅವು ಇರುತ್ತವೆ.

ಗೇಟಿನ ಒಳಗೆ

"24 ಗಂಟೆ ಸೆಕ್ಯೂರಿಟಿ" ಎಂದು ಬ್ರೋಷರ್‌ನಲ್ಲಿ ಇರುತ್ತದೆ. ಎಷ್ಟು ಜನ ಎಂದಷ್ಟೇ ಕೇಳಬೇಡಿ, ಎಷ್ಟು ಪೋಸ್ಟ್, ಅಂದರೆ ಕಾವಲು ನಿಲ್ಲುವ ಜಾಗ, ಎಂದೂ ಕೇಳಿ. ಒಂದು ಪೋಸ್ಟನ್ನು ಎಂಟು ಗಂಟೆಯ ಪಾಳಿಯಲ್ಲಿ ವಾರವಿಡೀ ತುಂಬಲು 21 ಪಾಳಿ ಬೇಕು. ವಾರಕ್ಕೊಂದು ರಜೆ ಕೊಟ್ಟರೆ ಒಬ್ಬರು ಆರು ಪಾಳಿ ಮಾಡುತ್ತಾರೆ. ಅಂದರೆ ಒಂದು ಪೋಸ್ಟಿಗೆ ಮೂರೂವರೆ ಜನ. ಹನ್ನೆರಡು ಗಂಟೆಯ ಪಾಳಿಯಾದರೆ ಎರಡೂಕಾಲಿಗಿಂತ ತುಸು ಹೆಚ್ಚು. ನಲವತ್ತು ಮನೆಯ ಅಪಾರ್ಟ್‌ಮೆಂಟಿನಲ್ಲಿ ಗೇಟು, ಬೇಸ್‌ಮೆಂಟು ಎಂದು ಎರಡು ಪೋಸ್ಟ್ ಇದೆ, ಒಟ್ಟು ಮೂವರು ಗಾರ್ಡ್‌ಗಳಿದ್ದಾರೆ ಎಂದರೆ ಲೆಕ್ಕ ತಾಳೆಯಾಗುವುದಿಲ್ಲ: ಯಾರೋ ಒಬ್ಬರು 24 ಗಂಟೆ ನಿಲ್ಲುತ್ತಿದ್ದಾರೆ, ರಾತ್ರಿ ಎರಡಕ್ಕೆ ಕುರ್ಚಿಯಲ್ಲಿ ನಿದ್ದೆ ಹೋಗುತ್ತಿದ್ದಾರೆ. ತಪ್ಪು ಅವರದ್ದಲ್ಲ.

ಸರಿಯಾಗಿ ಮಾಡಿದರೆ ಖರ್ಚೆಷ್ಟು? ಏಜೆನ್ಸಿ ಒಬ್ಬರಿಗೆ 22 ಸಾವಿರ ಬಿಲ್ ಮಾಡುತ್ತದೆ ಎಂದು ಇಟ್ಟುಕೊಂಡರೆ, ಎರಡು ಪೋಸ್ಟಿಗೆ ಹನ್ನೆರಡು ಗಂಟೆ ಪಾಳಿಯಲ್ಲಿ ಐದು ಜನ, 1,10,000 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. ನಲವತ್ತು ಮನೆಗೆ ಹಂಚಿದರೆ ತಲಾ 3,245. ಅದೇ ಎರಡು ಪೋಸ್ಟನ್ನು 200 ಮನೆಗೆ ಹಂಚಿದರೆ 649. ಚಿಕ್ಕ ಅಪಾರ್ಟ್‌ಮೆಂಟುಗಳಲ್ಲಿ ಕಾವಲು ಸೊರಗುವುದು ಈ ಭಾಗಾಕಾರದಿಂದ. ಅಲ್ಲಿ ಮೇಂಟೆನೆನ್ಸ್ ಕಡಿಮೆ ಎಂದು ಖುಷಿಪಡುವ ಮೊದಲು ಯಾವುದು ಕಡಿಮೆಯಾಗಿದೆ ಎಂದು ನೋಡಬೇಕು. ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಡಿ ಪರವಾನಗಿ ಇದೆಯೇ ಎಂಬುದನ್ನು ಅಸೋಸಿಯೇಷನ್ ಹತ್ತಿರ ಕೇಳಿ. ಪರವಾನಗಿ ಇದ್ದರೆ ಗಾರ್ಡ್‌ಗಳ ಹಿನ್ನೆಲೆ ಪರಿಶೀಲನೆ ಮತ್ತು ತರಬೇತಿಗೆ ಏಜೆನ್ಸಿ ಜವಾಬ್ದಾರ; ಇಲ್ಲದಿದ್ದರೆ ಯಾರೂ ಜವಾಬ್ದಾರರಲ್ಲ.

ಕ್ಯಾಮೆರಾಗಳ ವಿಚಾರಕ್ಕೆ ಬನ್ನಿ. "ಹದಿನಾರು ಕ್ಯಾಮೆರಾ ಇದೆ" ಎಂದು ತೋರಿಸುತ್ತಾರೆ, ಪರದೆಯ ಮೇಲೆ ಹದಿನಾರು ಚೌಕ ಮಿನುಗುತ್ತಿರುತ್ತದೆ. ಕೇಳಬೇಕಾದ್ದು ಹಾರ್ಡ್ ಡಿಸ್ಕ್ ಎಷ್ಟು ದೊಡ್ಡದು ಎಂದು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಾಖಲಿಸಿದರೆ ದಿನಕ್ಕೆ 21.6 ಜಿಬಿ, ಹದಿನಾರಕ್ಕೆ ಸುಮಾರು 346 ಜಿಬಿ. 2 ಟಿಬಿ ಡಿಸ್ಕ್ ಆರನೇ ದಿನಕ್ಕೆ ತುಂಬಿ ಹಳೆಯದನ್ನು ಅಳಿಸತೊಡಗುತ್ತದೆ. ದಸರಾಕ್ಕೆ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದವರಿಗೆ ಕಳ್ಳತನ ಗೊತ್ತಾಗುವ ಹೊತ್ತಿಗೆ ದೃಶ್ಯವೇ ಇರುವುದಿಲ್ಲ. 30 ದಿನ ಉಳಿಯಬೇಕಾದರೆ ಈ ಲೆಕ್ಕಕ್ಕೆ 10 ಟಿಬಿಗಿಂತ ಹೆಚ್ಚು ಬೇಕು. ಆಮೇಲೆ ಇಷ್ಟು ಕೇಳಿ: "ನಿನ್ನೆ ರಾತ್ರಿ ಎರಡು ಗಂಟೆಯ ಗೇಟಿನ ದೃಶ್ಯ ಹಾಕಿ ತೋರಿಸಿ." ಅರ್ಧ ಕಡೆ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ತೋರಿಸಿದರೆ ಕಾರಿನ ನಂಬರ್ ಓದಲು ಆಗುತ್ತದೆಯೇ ನೋಡಿ; ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಹೆಡ್‌ಲೈಟ್ ಬೆಳಕಿನಲ್ಲಿ ನಂಬರ್ ಪ್ಲೇಟ್ ಬರೀ ಬಿಳಿ ಪಟ್ಟಿ. ಕರೆಂಟು ಹೋದಾಗ ಜನರೇಟರ್ ಹತ್ತುವವರೆಗೆ ದೃಶ್ಯ ದಾಖಲಿಸುವ ಪೆಟ್ಟಿಗೆ (ಡಿವಿಆರ್) ಯುಪಿಎಸ್ ಮೇಲೆ ನಡೆಯುತ್ತದೋ ಇಲ್ಲವೋ ಎಂಬುದನ್ನೂ ಕೇಳಬೇಕು.

ಬರುವವರನ್ನು ಮನೆಯವರಿಗೆ ಕೇಳಿ ಒಳಬಿಡುವ ಗೇಟಿನ ಆ್ಯಪ್ ಇದ್ದರೆ ಬ್ರೋಕರ್ ಇಲ್ಲದೆ ಒಬ್ಬರೇ ಒಮ್ಮೆ ಹೋಗಿ. ಫ್ಲ್ಯಾಟ್ ನಂಬರ್ ಹೇಳಿದ ತಕ್ಷಣ ಒಳಗೆ ಬಿಟ್ಟರೆ ಆ್ಯಪ್ ಹಾಜರಿ ಪುಸ್ತಕವಷ್ಟೇ.

ಫ್ಲ್ಯಾಟಿನ ಮಟ್ಟದಲ್ಲಿ ಕಳ್ಳರಿಗೆ ಇಷ್ಟವಾಗುವುದು ನೆಲಮಹಡಿ ಮತ್ತು ಕೊನೆಯ ಮಹಡಿ. ಕೊನೆಯ ಮಹಡಿಗೆ ಟೆರೇಸಿನಿಂದ ಯುಟಿಲಿಟಿ ಬಾಲ್ಕನಿಗೆ ಇಳಿಯಬಹುದು. ನಡುವಿನ ಮಹಡಿಗಳಿಗೆ ಡಕ್ಟ್‌ನಲ್ಲಿರುವ (ಪೈಪು ಇಳಿಬಿಡಲು ಬಿಟ್ಟ ಕಿರಿದಾದ ತೆರವು) ಪೈಪುಗಳೇ ಏಣಿ. ಬಾತ್‌ರೂಮ್ ವೆಂಟಿಲೇಟರ್‌ನ ಗಾಜಿನ ಪಟ್ಟಿಗಳು ಕೈಯಲ್ಲಿ ಎಳೆದರೆ ಬರುತ್ತವೆ, ಅಲ್ಲಿ ಒಳಗಿನಿಂದ ಸರಳು ಇರಬೇಕು.

ಗ್ರಿಲ್ ಎಂಬ ಇಬ್ಬಗೆ

ಕಳ್ಳನನ್ನು ತಡೆಯಲು ಹಾಕಿದ್ದು ಬೆಂಕಿಯಲ್ಲಿ ಜೀವ ತೆಗೆಯಬಹುದು. 2021ರ ಸೆಪ್ಟೆಂಬರ್ 21ರಂದು ಬೇಗೂರು ಸಮೀಪದ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ಬೆಂಕಿ ಬಿದ್ದಾಗ ಇಬ್ಬರು ಮಹಿಳೆಯರು ಸತ್ತರು. ಬಾಲ್ಕನಿವರೆಗೆ ಬಂದವರಿಗೂ ಕಬ್ಬಿಣದ ಗ್ರಿಲ್ ದಾಟಲು ಆಗಲಿಲ್ಲ. ಕೆಳಗೆ ನಿಂತವರು ನೋಡುತ್ತಿದ್ದಂತೆಯೇ ಎಲ್ಲ ಮುಗಿಯಿತು.

ಆದ್ದರಿಂದ ಪೂರ್ತಿ ಗ್ರಿಲ್ ಹಾಕಿದ ಬಾಲ್ಕನಿಯನ್ನು ಸುರಕ್ಷತೆಯ ಗುರುತು ಎಂದು ಎಣಿಸಬೇಡಿ. ಅದರಲ್ಲಿ ಕನಿಷ್ಠ ಎರಡಡಿ ಅಗಲ, ಮೂರಡಿ ಎತ್ತರದ ತೆರೆಯುವ ಭಾಗ ಇರಬೇಕು, ಅದು ರಸ್ತೆಯ ಕಡೆ ಅಥವಾ ಅಗ್ನಿಶಾಮಕ ಗಾಡಿ ನಿಲ್ಲುವ ಕಡೆ ಇರಬೇಕು. ಬೀಗ ಹಾಕಿದರೆ ಕೀಲಿ ಒಳಗೆ ಕೈಗೆಟುಕುವ ಮೊಳೆಯಲ್ಲಿ, ಹೊರಗಿನವರ ಕೈಗೆ ಸಿಗದ ದೂರದಲ್ಲಿ. ವೆಲ್ಡಿಂಗ್ ಅಂಗಡಿಯವರಿಗೆ ಅರ್ಧ ದಿನದ ಕೆಲಸ.

ಕಟ್ಟಡದ ಮಟ್ಟದಲ್ಲಿ, ಎತ್ತರದ ಕಟ್ಟಡವಾದರೆ ಅಗ್ನಿಶಾಮಕ ಇಲಾಖೆಯ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿ, ದಿನಾಂಕ ನೋಡಿ. ಅದನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಎಷ್ಟೋ ಕಡೆ ಒಸಿ (ಕಟ್ಟಡದಲ್ಲಿ ವಾಸಕ್ಕೆ ಕೊಡುವ ಅನುಮತಿ ಪತ್ರ) ಪಡೆಯುವಾಗ ತೆಗೆದದ್ದೇ ಕೊನೆ. ಬೆಂಕಿ ಆರಿಸುವ ನೀರಿನ ಹೈಡ್ರೆಂಟ್ ಪೈಪಿನ ಮೇಲಿನ ಮಾಪಕದ ಮುಳ್ಳು ಸೊನ್ನೆಯಲ್ಲಿದ್ದರೆ ಪೈಪಿನಲ್ಲಿ ಒತ್ತಡವಿಲ್ಲ. ಪಂಪ್ ಪ್ಯಾನೆಲ್ "ಆಟೋ"ದಲ್ಲಿರಬೇಕು. ಮೋಟಾರು ಸುಮ್ಮನೆ ಓಡುತ್ತದೆ ಎಂದು ಯಾರೋ ಆಫ್ ಮಾಡಿಟ್ಟಿರುವುದು ಸಾಮಾನ್ಯ. ಕಟ್ಟಡದ ಸುತ್ತ 6 ಮೀಟರ್ ಗಟ್ಟಿ ನೆಲ ಅಗ್ನಿಶಾಮಕ ಗಾಡಿಗೆಂದು ಬಿಟ್ಟಿರಬೇಕಾದಲ್ಲಿ ಈಗ ವಿಸಿಟರ್ ಪಾರ್ಕಿಂಗ್ ಗೆರೆ ಎಳೆದಿರುತ್ತಾರೆ. ಮೆಟ್ಟಿಲ ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟಿದ್ದರೆ ಹೊಗೆಗೆ ಅದೇ ಚಿಮಣಿ.

ನೀರು, ತಂತಿ

ಬೆಂಗಳೂರಿನ ಊರ ಹೆಸರುಗಳೇ ಅರ್ಧ ಎಚ್ಚರಿಕೆ ಕೊಡುತ್ತವೆ. "ಸಂದ್ರ" ಎಂದರೆ ಸಮುದ್ರ, ಅಂದರೆ ಕೆರೆ. "ಕೋಡಿ" ಎಂದರೆ ಕೆರೆ ತುಂಬಿ ಹರಿಯುವ ಜಾಗ. ಹೆಸರಿನ ಮೇಲೆ ತೀರ್ಪು ಕೊಡಲಾಗದು, ಹುಡುಕಾಟ ಅಲ್ಲಿಂದ ಶುರು ಮಾಡಬಹುದು. ಯಲಹಂಕದ ಕೇಂದ್ರೀಯ ವಿಹಾರಕ್ಕೆ 2021ರಲ್ಲೂ 2024ರಲ್ಲೂ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಹೊರತಂದರು. 2022ರಲ್ಲಿ ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಬಡಾವಣೆ, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್. ಇವುಗಳಲ್ಲಿ ಯಾವುದಕ್ಕೂ "ಅನ್‌ಸೇಫ್ ಏರಿಯಾ" ಎಂಬ ಹೆಸರು ಇರಲಿಲ್ಲ.

ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿದರೆ ಹಳೆಯ ಗ್ರಾಮ ನಕ್ಷೆಯ ಮೇಲೆ ಕೆರೆ, ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ), ಖರಾಬು (ಸಾಗುವಳಿಗೆ ಬಾರದ ಜಮೀನು) ಕಾಣುತ್ತದೆ. 2015ರ ಮಾಸ್ಟರ್ ಪ್ಲ್ಯಾನ್ ಪ್ರಕಾರ ಕೆರೆಗೆ 30 ಮೀಟರ್, ಪ್ರಾಥಮಿಕ ರಾಜಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಬಫರ್, ಅಂದರೆ ಕಟ್ಟದೆ ಬಿಡಬೇಕಾದ ಜಾಗ. ಹಸಿರು ನ್ಯಾಯಾಧಿಕರಣ 2016ರಲ್ಲಿ ಇದನ್ನು ಹೆಚ್ಚಿಸಿತ್ತು, ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಆ ಹೆಚ್ಚಳ ರದ್ದು ಮಾಡಿತು. ಬಫರ್ ಆಚೆ ಇದ್ದ ಮಾತ್ರಕ್ಕೆ ನೀರು ಬರುವುದಿಲ್ಲ ಎಂದೇನಿಲ್ಲ, ನೀರಿಗೆ ಬೇಕಾದ್ದು ತಗ್ಗು. ಅಕ್ಕಪಕ್ಕದ ಹಳೆಯ ಕಾಂಪೌಂಡ್ ಗೋಡೆಗಳ ಮೇಲೆ ಮೊಣಕಾಲೆತ್ತರದಲ್ಲಿ ಉದ್ದಕ್ಕೆ ಕಂದು ಗೆರೆ ಇದೆಯೇ, ಇತ್ತೀಚೆಗೆ ಗೇಟಿನ ಮುಂದೆ ಸಿಮೆಂಟ್ ದಿಬ್ಬ ಏರಿಸಿದ್ದಾರೆಯೇ, ಅಂಗಡಿಯವರು ಮೆಟ್ಟಿಲ ಮೇಲೆ ಇಟ್ಟಿಗೆ ಕಟ್ಟಿದ್ದಾರೆಯೇ ನೋಡಿ. ಬೇಸ್‌ಮೆಂಟಿನಲ್ಲೇ ಜನರೇಟರ್, ಪ್ಯಾನೆಲ್ ಬೋರ್ಡ್ ಇದ್ದರೆ ನೀರು ನುಗ್ಗಿದ ದಿನ ಲಿಫ್ಟು, ಪಂಪು, ದೀಪ ಒಟ್ಟಿಗೆ ನಿಲ್ಲುತ್ತವೆ.

ತಂತಿಯ ವಿಚಾರದಲ್ಲಿ ನಿಯಮ ಸರಳ. ಬಾಲ್ಕನಿ ಅಂಚಿನಿಂದ 11 ಕೆವಿ ತಂತಿಗೆ ಅಡ್ಡಲಾಗಿ ಕನಿಷ್ಠ 1.2 ಮೀಟರ್, 66 ಕೆವಿಗೆ 2.3 ಮೀಟರ್ ಅಂತರ ಇರಬೇಕು. ಬಾಲ್ಕನಿ ಮುಂದಕ್ಕೆ ಚಾಚಿದ ಹಳೆಯ ಗಲ್ಲಿಗಳಲ್ಲಿ ಬಟ್ಟೆ ಒಣಗಿಸುವ ಕೋಲು ತಂತಿಗೆ ತಾಗುವಷ್ಟು ಹತ್ತಿರ ಇರುವುದುಂಟು. ನೆಲದಲ್ಲೂ ನೋಡಬೇಕು. 2023ರ ನವೆಂಬರ್ 19ರ ಬೆಳಗಿನ ಜಾವ ವೈಟ್‌ಫೀಲ್ಡ್‌ನ ಹೋಪ್ ಫಾರ್ಮ್ ಜಂಕ್ಷನ್ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಮಗು ಸತ್ತರು. ಐನೂರು ಮೀಟರ್ ನಡಿಗೆಯಲ್ಲಿ ಬಾಗಿಲು ಮುರಿದ ಫೀಡರ್ ಬಾಕ್ಸ್, ಕಂಬಕ್ಕೆ ಸುತ್ತಿ ನೇತಾಡುವ ಕೇಬಲ್ ಕಂಡರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಟ್ಟು, ಎಷ್ಟು ದಿನಕ್ಕೆ ಸರಿಯಾಯಿತು ಎಂದು ಮುಂದಿನ ಭೇಟಿಯಲ್ಲಿ ನೋಡಿ. ಆ ಏರಿಯಾದಲ್ಲಿ ದೂರಿಗೆ ಎಷ್ಟು ಬೆಲೆ ಎಂಬುದು ಆಗ ತಿಳಿಯುತ್ತದೆ.

ಚೌಕಾಸಿಗೆ ಯಾವುದು, ವಾಪಸ್ ಬರಲು ಯಾವುದು

ಸಿಕ್ಕಿದ ದೋಷಗಳಲ್ಲಿ ಕೆಲವು ದುಡ್ಡಿನಿಂದ ಸರಿಹೋಗುತ್ತವೆ: ಡಿಸ್ಕ್, ಗ್ರಿಲ್, ವೆಂಟಿಲೇಟರ್ ಸರಳು, ಇನ್ನೊಬ್ಬ ಗಾರ್ಡ್. ಇವನ್ನೆಲ್ಲ ಬರೆದಿಟ್ಟು ಬೆಲೆಯಲ್ಲಿ ಇಳಿಸಿ ಕೇಳಬಹುದು. ಸೆಕೆಂಡ್ ಹ್ಯಾಂಡ್ ಫ್ಲ್ಯಾಟಿನಲ್ಲಿ ಮಾರುವವರು ಇಂಥ ನಿಖರ ಪಟ್ಟಿಗೆ ಬಗ್ಗುತ್ತಾರೆ, "ಏರಿಯಾ ಸ್ವಲ್ಪ ಸರಿ ಇಲ್ಲ" ಎಂಬ ಗೊಣಗಿಗೆ ಬಗ್ಗುವುದಿಲ್ಲ. ತಗ್ಗಿನ ಜಾಗ, ರಾಜಕಾಲುವೆ, ಮೇಲೆ ಹಾದ ಹೈಟೆನ್ಷನ್ ಲೈನ್, ಅಗ್ನಿಶಾಮಕ ಗಾಡಿ ತಿರುಗಲಾಗದ ಹದಿನೈದಡಿ ರಸ್ತೆ, ಎರಡೂ ಕಡೆ ಕುರುಡು ಗೋಡೆ ಇವು ನಿಮ್ಮ ಕೈಯಲ್ಲಿಲ್ಲ. ಇವುಗಳಲ್ಲಿ ಒಂದಿದ್ದರೂ ಡಿಸ್ಕೌಂಟ್ ಎಷ್ಟೇ ಕೊಟ್ಟರೂ ಬೇಡ ಎನ್ನುವುದೇ ಸರಿ, ಏಕೆಂದರೆ ನಾಳೆ ನಿಮ್ಮಿಂದ ಕೊಳ್ಳುವವರೂ ಅದನ್ನೇ ನೋಡುತ್ತಾರೆ. ಟೋಕನ್ ಕೊಡುವ ಹೊತ್ತಿಗೆ ಒಸಿ, ಅಗ್ನಿಶಾಮಕ ಸರ್ಟಿಫಿಕೇಟು, ಸರ್ವೆ ನಕ್ಷೆ ಸರಿಯಿಲ್ಲದಿದ್ದರೆ ಹಣ ಪೂರ್ತಿ ವಾಪಸ್ ಎಂದು ಒಂದು ಸಾಲು ಬರೆಸಿಕೊಳ್ಳಿ. ಬಾಯಿಮಾತಿನ ಟೋಕನ್ ವಾಪಸ್ ಬರುವುದಿಲ್ಲ.